ಹಡಗಿನಲ್ಲಿ ದಾದರ್ ಎಲ್ಲಿ?

ಮೊನ್ನೆ ಕನ್ನಡಕ ಒರೆಸುವ ಬಟ್ಟೆ ಹುಡುಕಲು ಡ್ರಾಯರ್ ಎಳೆದರೆ ಕೈಗೆ ಸಿಕ್ಕಿದ್ದು ನಮ್ಮವರ ರೈಲ್ವೆ ಪಾಸಿನ ಪ್ಲಾಸ್ಟಿಕ್ ಕವರ್. ಅವರು ರಿಟೈರ್ ಆಗಿ ಎಷ್ಟೋ ಕಾಲವಾಯಿತು, ಪಾಸೂ ರಿಟೈರ್ ಆಯಿತು. ಈ ಕವರ್ ಮಾತ್ರ ಇನ್ನೂ ಸರ್ವಿಸಿನಲ್ಲಿದೆ. ಒಮ್ಮೆ ಸೀನಿಯರ್ ಸಿಟಿಜನ್ ಕಾರ್ಡ್, ಒಮ್ಮೆ ಡಯಾಬಿಟಿಸ್ ಡಾಕ್ಟರರ ಅಪಾಯಿಂಟ್‌ಮೆಂಟ್ ಚೀಟಿ, ಹೀಗೆ ಅದಕ್ಕೆ ಎಕ್ಸ್‌ಟೆನ್ಷನ್ ಮೇಲೆ ಎಕ್ಸ್‌ಟೆನ್ಷನ್. ಈಗ ಅದರೊಳಗೆ ಲಂಗರಿನ ಚಿತ್ರವಿರುವ ನೀಲಿ ಕಾರ್ಡ್ ಒಂದಿದೆ. ನಾವು ಹೋಗಿದ್ದ ಕ್ರೂಸ್ ಹಡಗಿನ ರೂಮಿನ ಕೀಲಿ ಅದು. ಕವರಿನ ಮೂಲೆಯಲ್ಲಿ ಟೊಮ್ಯಾಟೊ ಸೂಪಿನ ಕಲೆ. ಸ್ಪಿರಿಟ್ ಹಚ್ಚಿ ಉಜ್ಜಿದರೆ ಹೋಗುತ್ತದೆ, ನನಗೆ ಗೊತ್ತು. ಉಜ್ಜಿಲ್ಲ.

ಹಡಗಿನ ಕತೆ ಹೇಳಬೇಕೆಂದರೆ ಮೊದಲು ಲೋಕಲ್ ಟ್ರೇನಿನ ಕತೆ ಹೇಳಬೇಕು. ಬೇಸರ ಮಾಡಿಕೊಳ್ಳಬೇಡಿ, ಮುಂಬೈಯಲ್ಲಿ ಎಲ್ಲ ಕತೆಗಳೂ ಅಲ್ಲಿಂದಲೇ ಹೊರಡುತ್ತವೆ.

ನಮ್ಮವರು ಧಾರವಾಡದವರು, ನಾನು ಬೆಳಗಾವಿಯ ಕಾನ್ವೆಂಟಿನಲ್ಲಿ ಕಲಿತವಳು. ಮದುವೆಯಾಗಿ ಇಬ್ಬರೂ ಮುಲುಂಡಿನವರಾದೆವು. ಅವರಿಗೆ ವಿಕ್ರೋಳಿಯ ಫ್ಯಾಕ್ಟರಿಯಲ್ಲಿ ನೌಕರಿ, ನನಗೆ ಫೋರ್ಟಿನ ಒಂದು ಇನ್ಶೂರೆನ್ಸ್ ಆಫೀಸಿನಲ್ಲಿ ಟೈಪಿಂಗ್. ಬೆಳಿಗ್ಗೆ ಒಂದೇ ಮನೆಯಿಂದ, ಒಂದೇ ಗಾಡಿಗೆ ಹೊರಡುತ್ತಿದ್ದೆವು. ಪ್ಲಾಟ್‌ಫಾರ್ಮ್ ಮುಟ್ಟಿದ ಕೂಡಲೇ ಅವರು ಜೆಂಟ್ಸ್ ಡಬ್ಬಿ ನಿಲ್ಲುವ ಜಾಗಕ್ಕೆ, ನಾನು ಲೇಡೀಸ್ ಡಬ್ಬಿ ನಿಲ್ಲುವ ಜಾಗಕ್ಕೆ. ಗುಡ್ ಬೈ ಕೂಡ ಇಲ್ಲ. ಗಾಡಿ ಒಂದೇ ತಾನೇ! ಲೇಡೀಸ್ ಡಬ್ಬಿಯಲ್ಲಿ ನನಗೆ ಒಂದು ಇಡೀ ಸಂಸಾರವಿತ್ತು. ಬೆಂಡೆಕಾಯಿ ಹೆಚ್ಚಿದ್ದು ಅಲ್ಲಿ, ಅರಿಶಿನ ಕುಂಕುಮ ಮಾಡಿದ್ದು ಅಲ್ಲಿ, ಅತ್ತದ್ದೂ ಅಲ್ಲೇ. ನಾನು ಬಸಿರೆಂಬ ಸುದ್ದಿ ನಮ್ಮವರಿಗಿಂತ ಮೊದಲು ಗೊತ್ತಾದದ್ದು ಭಾಂಡೂಪಿನಲ್ಲಿ ಹತ್ತುತ್ತಿದ್ದ ಒಬ್ಬ ಟೆಲಿಫೋನ್ ಆಪರೇಟರಿಗೆ.

ರವಿವಾರ ದಾದರಿಗೆ ಸೀರೆಗೋ, ತರಕಾರಿಗೋ, ಯಾರದೋ ಮುಂಜಿಗೋ ಹೋಗುವಾಗಲೂ ಹೀಗೆಯೇ. ಗಾಡಿ ಖಾಲಿಯಿದ್ದರೂ ಕಾಲುಗಳು ತಮ್ಮ ತಮ್ಮ ಡಬ್ಬಿ ಹುಡುಕಿಕೊಂಡು ಹೋಗುತ್ತಿದ್ದವು. ಮದುವೆಯಾದ ಹೊಸದರಲ್ಲಿ ಒಮ್ಮೆ ಸಿನಿಮಾಕ್ಕೆಂದು, ಎರಡು ಲೈನೂ ಕೂಡುವ ದಾದರಿನಲ್ಲಿ ಇಳಿದು ನಾನು ಸೆಂಟ್ರಲ್ ಲೈನಿನ ಕಡೆ ನಿಂತೆ, ಅವರು ವೆಸ್ಟರ್ನ್ ಲೈನಿನ ಕಡೆ ನಿಂತರು. ನಡುವೆ ಸೇತುವೆ, ಸೇತುವೆಯ ಮೇಲೆ ಜನಸಾಗರ. ಸಿನಿಮಾ ಶುರುವಾಗಿ, ಇಂಟರ್ವಲ್ ಆಗಿ, ಮುಗಿದೇ ಹೋಯಿತು. ಕೊನೆಗೆ ಸಿಕ್ಕಾಗ ಅವರು ಬೈಯಲಿಲ್ಲ. ಮಹಾಪುರುಷರ ಹಾಗೆ ಒಂದು ರೂಲ್ ಮಾಡಿದರು: "ಇನ್ನ ಮ್ಯಾಲೆ ಯಾರ ತಪ್ಪಿಸಿಕೊಂಡ್ರೂ ದಾದರ್‌ನ್ಯಾಗ ಇಳೀಬೇಕು, ನಡುವಿನ ಬ್ರಿಜ್ ಕೆಳಗ ಗಾಡಿ ಟೈಮ್ ತೋರ್ಸೂ ಇಂಡಿಕೇಟರ್ ಬುಡಕ್ಕ ನಿಂದ್ರಬೇಕು. ಅಲ್ಲಾಡಬಾರದು." ನಮ್ಮ ಮನೆಯಲ್ಲಿ ಇದು ಸಪ್ತಪದಿಯ ಎಂಟನೆಯ ಹೆಜ್ಜೆ. ಮಕ್ಕಳಿಗೂ ಅಆಇಈ ಜೊತೆಗೆ ಕಲಿಸಿದ್ದೇವೆ.

ಹೋಗಲಿ, ಊಟಕ್ಕಾದರೂ ಎದುರುಬದುರು ಕೂತೆವೇ? ಮೊದಲು ಅತ್ತೆಯವರಿದ್ದರು, ಗಂಡಸರಿಗೆ ಬಡಿಸಿ ಆಮೇಲೆ ನಾವು. ಆಮೇಲೆ ಮಕ್ಕಳ ಶಾಲೆ, ನಮ್ಮವರ ಶಿಫ್ಟ್. ರಿಟೈರ್ ಆದ ಮೇಲೆ ಡೈನಿಂಗ್ ಟೇಬಲ್ ಬಂತು ನೋಡಿ, ಅದರ ಎದುರಿಗೆ ಟೀವಿಯೂ ಬಂತು. ಇಬ್ಬರೂ ಪಕ್ಕಪಕ್ಕ ಕೂತು ನ್ಯೂಸ್ ಚಾನೆಲ್ಲಿನ ಜಗಳಗಂಟರ ಮುಖ ನೋಡುತ್ತ ಊಟ ಮಾಡುತ್ತೇವೆ. ಯಾವ ಆಂಕರ್ ಹಲ್ಲು ಕಟ್ಟಿಸಿಕೊಂಡಿದ್ದಾನೆ ಎಂದು ಹೇಳಬಲ್ಲೆ. ನಮ್ಮವರು ಯಾವ ಕಡೆಯ ಹಲ್ಲಿನಲ್ಲಿ ಅಗಿಯುತ್ತಾರೆ ಎಂದು ಕೇಳಿದರೆ ಗೊತ್ತಿಲ್ಲ.

ಇಲ್ಲಿ ಸಿಸ್ಟರ್ ಬರ್ನಡೆಟ್ ಅವರನ್ನು ನೆನೆಯದೆ ಮುಂದೆ ಹೋಗುವ ಹಾಗಿಲ್ಲ. ಸಮುದ್ರದಾಚೆಯಿಂದ ಹಡಗಿನಲ್ಲಿ ಬಂದವರು. ಶನಿವಾರ ನಮಗೆ ಟೇಬಲ್ ಮ್ಯಾನರ್ಸ್ ಕ್ಲಾಸ್. ಬಿಳಿ ಬಟ್ಟೆ ಹಾಸಿದ ಉದ್ದ ಮೇಜು, ಫೋರ್ಕು, ನೈಫು, ನ್ಯಾಪ್ಕಿನ್ ಎಲ್ಲ ಅಚ್ಚುಕಟ್ಟು. ತಟ್ಟೆ ಮಾತ್ರ ಖಾಲಿ. ಖಾಲಿ ತಟ್ಟೆಯಲ್ಲಿ ಇಲ್ಲದ ಚಿಕನ್ನನ್ನು ಕತ್ತರಿಸಬೇಕು. ಕುಲಕರ್ಣಿ, ದೇಶಪಾಂಡೆ ಮನೆಗಳ ಹುಡುಗಿಯರಿಗೆ ಧರ್ಮಸಂಕಟವಾಗದಿರಲೆಂದು ಇಲ್ಲದ ಬಟಾಟೆ. ಸೂಪಿನ ಚಮಚವನ್ನು ಮೈಕಡೆಗಲ್ಲ, ಆಚೆಗೆ ದೂಡಬೇಕು. ಬಾಯಿಂದ ಸದ್ದು ಬರಬಾರದು. ಇಲ್ಲದ ಸೂಪನ್ನು ನಾನು ಎಷ್ಟು ನಿಶ್ಶಬ್ದವಾಗಿ ಕುಡಿಯುತ್ತಿದ್ದೆನೆಂದರೆ ಸಿಸ್ಟರ್ ನನ್ನನ್ನು ಮುಂದೆ ನಿಲ್ಲಿಸಿ ಹೇಳುತ್ತಿದ್ದರು: "ಸುಮಾ, ಒನ್ ಡೇ ಯೂ ವಿಲ್ ಡೈನ್ ಆನ್ ಎ ಶಿಪ್." ಮನೆಗೆ ಬಂದು ನುಚ್ಚನ್ನು ಆಚೆಗೆ ದೂಡಿ ದೂಡಿ ಉಂಡರೆ ಅವ್ವ, "ಊಟ ಸೇರ್ಲಿಲ್ಲಂದ್ರ ಬಾಯಿಬಿಟ್ಟು ಹೇಳು, ಹಿಂಗ ದೂರ ತಳ್ಳಬ್ಯಾಡ" ಎನ್ನುತ್ತಿದ್ದಳು.

ಆ ಒನ್ ಡೇ ಬರಲು ಎಪ್ಪತ್ತು ದಾಟಬೇಕಾಯಿತು. ಕರೆತಂದವಳು ಅಂಧೇರಿಯಲ್ಲಿರುವ ಮೊಮ್ಮಗಳು ಅನನ್ಯಾ. ಅವಳ ಕನ್ನಡ ಜಂಕ್ಷನ್ ಕನ್ನಡ, ಎಲ್ಲ ಲೈನೂ ಬಂದು ಸೇರುತ್ತವೆ. "ಅಜ್ಜಿ, ನೀವಿಬ್ರೂ ಕಭೀ ಎದುರುಗೆ ಬೈಠಾ ಇಲ್ಲ? ನೆವರ್? ಇದು ತೋ ಸ್ಕ್ಯಾಂಡಲ್ ಇದೆ!" ಎಂದವಳೇ ಮೊಬೈಲಿನಲ್ಲಿ ಏನೇನೋ ಒತ್ತಿ, ಮುಂಬೈಯಿಂದ ಗೋವಾ ಮುಟ್ಟಿ ಮರಳುವ ಕ್ರೂಸಿನಲ್ಲಿ ರೂಮು ಹಿಡಿದಳು. ಮೊದಲ ರಾತ್ರಿಯ ಡಿನ್ನರಿಗೆ ಬಫೆ ಅಲ್ಲದ, ಕೂತಲ್ಲಿಗೆ ತಂದು ಬಡಿಸುವ ರೆಸ್ಟೋರೆಂಟಿನಲ್ಲಿ "ಟೇಬಲ್ ಫಾರ್ ಟೂ, ವಿಂಡೋ ಸೈಡ್" ಕೂಡ. ನನಗೆ ಸಮುದ್ರ ಬೇಕಿರಲಿಲ್ಲ, ಅದನ್ನು ಗಿರಗಾಂವ್ ಚೌಪಾಟಿಯಲ್ಲಿ ನೋಡಿದ್ದೇನೆ. ನನಗೆ ಬೇಕಿದ್ದುದು ಆ ಟೇಬಲ್. ಎದುರುಬದುರು ಎರಡು ಕುರ್ಚಿ, ತುಂಬಿದ ತಟ್ಟೆ, ಬಡಿಸುವವಳು ನಾನಲ್ಲ. ಯಾರಿಗೂ ಹೇಳಲಿಲ್ಲ. ಈ ವಯಸ್ಸಿನಲ್ಲಿ ಇಂಥದ್ದನ್ನು ಹೇಳಿದರೆ ಬಿ.ಪಿ. ಚೆಕ್ ಮಾಡಿಸುತ್ತಾರೆ.

ಹೊರಡುವ ದಿನ ಅನನ್ಯಾ ಕ್ಯಾಬ್ ಬುಕ್ ಮಾಡುತ್ತೇನೆಂದರೆ ನಮ್ಮವರು ಫೋನ್ ಕಸಿದುಕೊಂಡರು.

"ಕ್ಯಾಬ್ ಬ್ಯಾಡವಾ. ಸಾಯನ್‌ನ್ಯಾಗ ಜಾಮ್ ಆತಂದ್ರ? ಲೋಕಲ್ ತಪ್ಪಿದ್ರ ಹಿಂದ ಇನ್ನೊಂದು ಬರ್ತದ. ಹಡಗ ತಪ್ಪಿದ್ರ ಗೋವಾ ತನಕ ಈಸಬೇಕೇನು?"

"ಅಲ್ರೀ, ಇಷ್ಟ ದೊಡ್ಡ ಬ್ಯಾಗ್ ತಗೊಂಡು ಲೋಕಲ್‌ನ್ಯಾಗ?" ಎಂದೆ ನಾನು.

"ಮಧ್ಯಾಹ್ನ ಗಾಡಿ ಖಾಲಿ ಇರ್ತಾವ. ಆರಾಮ ಕೂತ ಹೋಗೂಣು."

'ಹೋಗೂಣು' ಎಂದರಲ್ಲ, ಅಂದರೆ ಒಟ್ಟಿಗೆ! ನಾನು ಒಳಗೊಳಗೇ ಹಿಗ್ಗಿದೆ. ಇಬ್ಬರೂ ಒಂದೊಂದು ಚಕ್ರದ ಬ್ಯಾಗ್ ಎಳೆದುಕೊಂಡು ಮುಲುಂಡ್ ಸ್ಟೇಷನ್ನಿಗೆ ಹೋದೆವು. ಗಾಡಿ ಬಂತು. ಬಂದದ್ದಷ್ಟೇ ನೆನಪು, ಬಾಗಿಲು ದಾಟಿ ಸೀಟಿನ ಮೇಲೆ ಕೂತು ಸೆರಗು ಸರಿಮಾಡಿಕೊಂಡು ನೋಡಿದರೆ ಸುತ್ತ ಎಲ್ಲ ಹೆಂಗಸರು. ನನ್ನ ಕಾಲುಗಳು ನನ್ನನ್ನು ಕೇಳಿಯೇ ಇರಲಿಲ್ಲ. ಅವರ ಕಾಲುಗಳೂ ಅವರನ್ನು ಕೇಳಿರಲಿಲ್ಲವೆಂಬುದು ಗ್ಯಾರಂಟಿ. ಅಷ್ಟೇ ಅಲ್ಲ, ಅವಸರದಲ್ಲಿ ಬ್ಯಾಗುಗಳೂ ಅದಲುಬದಲು. ಅವರ ಪ್ಯಾಂಟುಗಳೆಲ್ಲ ಲೇಡೀಸ್ ಡಬ್ಬಿಯಲ್ಲಿ, ನನ್ನ ಸೀರೆಗಳೆಲ್ಲ ಜೆಂಟ್ಸ್ ಡಬ್ಬಿಯಲ್ಲಿ ಪ್ರಯಾಣ ಹೊರಟಿದ್ದವು.

ಎದುರಿಗೆ ಕೂತು ಮೆಂತ್ಯ ಸೊಪ್ಪು ಬಿಡಿಸುತ್ತಿದ್ದವಳು ಬ್ಯಾಗ್ ನೋಡಿ ಕೇಳಿದಳು, "ಆಂಟಿ, ಗಾವಾಲಾ ನಿಘಾಲಾತ್ ಕಾ?"

ಊರಿಗಲ್ಲ, ಕ್ರೂಸಿಗೆ ಎಂದೆ.

"ಅಯ್ಯಾ! ಎಕಟ್ಯಾಚ್?"

ಒಬ್ಬಳೇ ಅಲ್ಲಮ್ಮ, ನಮ್ಮ ಮಿಸ್ಟರ್ ಜೆಂಟ್ಸ್‌ನಲ್ಲಿದ್ದಾರೆ ಎಂದೆ. ಇಡೀ ಬೆಂಚು ನಕ್ಕಿತು. "ಕ್ರೂಜ್‌ಲಾ ಪಣ್ ವೇಗಳಾ ಡಬ್ಬಾ?" ಎಂದಳು ಸೊಪ್ಪಿನವಳು. ಕ್ರೂಸಿಗೆ ಹೋಗುವಾಗಲೂ ಬೇರೆ ಡಬ್ಬಿಯೇ ಎಂದು ಅವಳು ಕೇಳಿದ್ದು. ಅವಳ ಮಡಿಲಿನಿಂದ ಒಂದು ಹಿಡಿ ಸೊಪ್ಪು ತೆಗೆದುಕೊಂಡು ಬಿಡಿಸತೊಡಗಿದೆ.

ವಿ.ಟಿ.ಯಲ್ಲಿ (ಹೊಸ ಹೆಸರು ನನ್ನ ನಾಲಗೆಗೆ ಇನ್ನೂ ಹತ್ತಿಲ್ಲ) ಇಳಿದು ಟ್ಯಾಕ್ಸಿ ಹಿಡಿದು ಬಂದರಿಗೆ ಹೋದೆವು. ಅಲ್ಲಿ ಏರ್‌ಪೋರ್ಟಿನಂಥ ಹಾಲ್, ಏರ್‌ಪೋರ್ಟಿನಂಥ ತಪಾಸಣೆ. ಒಬ್ಬ ಸೆಕ್ಯೂರಿಟಿಯವನು ಕೈ ಅಗಲಿಸಿ ಕೂಗುತ್ತಿದ್ದ, "ಲೇಡೀಸ್ ಇಧರ್, ಜೆಂಟ್ಸ್ ಉಧರ್!" ನಮ್ಮವರು ಮನೆಗೆ ಬಂದಷ್ಟು ಸಮಾಧಾನದಿಂದ ಉಧರ್ ಹೋದರು. ನನ್ನ ಸಾಲಿನಲ್ಲಿ ಮುಂದಿದ್ದವರು ಘಾಟ್‌ಕೋಪರಿನ ಸರಳಾಬೆನ್. ಅವರ ಇಡೀ ಬಳಗ ಒಂದೇ ಬಣ್ಣದ ಟೀ ಶರ್ಟು ತೊಟ್ಟು, ಪ್ರತಿ ಬ್ಯಾಗಿನಲ್ಲಿ ಥೇಪ್ಲಾ ರೊಟ್ಟಿ ತುಂಬಿಕೊಂಡು ಬಂದಿತ್ತು. ಟಿಕೆಟ್ಟಿನಲ್ಲಿ ಮೂರು ಹೊತ್ತಿನ ಊಟ ಸೇರಿದೆಯಲ್ಲ ಎಂದರೆ, "ಸಮುಂದರ್ ಕಾ ಕ್ಯಾ ಭರೋಸಾ, ಬೆನ್?" ಎಂದರು. ನಾನು ನಗಬಾರದಿತ್ತು. ನಮ್ಮ ಬ್ಯಾಗಿನಲ್ಲಿ ಅವಲಕ್ಕಿ ಚೂಡಾ ಇತ್ತು.

ಹಡಗೆಂದರೆ ಹಡಗಲ್ಲ ಅದು. ಯಾವುದೋ ಮಾಲ್ ಸಾಲ ತೀರಿಸಲಾಗದೆ ಸಮುದ್ರಕ್ಕೆ ಓಡಿ ಬಂದಂತಿತ್ತು. ಹತ್ತಿದ ಕೂಡಲೇ ಕೆಂಪು ಶರಬತ್ತು, ಕೊರಳಿಗೆ ಶಂಖದ ಹಾರ, ಫೋಟೋಗ್ರಾಫರ್. "ಸರ್, ಥೋಡಾ ಮೇಡಂ ಕೆ ಪಾಸ್" ಎಂದು ಅವನು ಗೋಗರೆದ. ನಮ್ಮವರು ಹತ್ತಿರ ಬಂದರು, ಆದರೆ ನಡುವೆ ಬ್ಯಾಗ್ ಇಟ್ಟುಕೊಂಡು. ಫೋಟೋದಲ್ಲಿ ಬ್ಯಾಗೇ ಚೆನ್ನಾಗಿ ಬಂದಿದೆ.

ಆಮೇಲೆ ಹಡಗು ಮುಳುಗಿದರೆ ಏನು ಮಾಡಬೇಕೆಂಬ ಡ್ರಿಲ್. ಎಲ್ಲರೂ ಸೆಲ್ಫಿ ತೆಗೆದುಕೊಳ್ಳುತ್ತಿದ್ದರು. ನಮ್ಮವರೊಬ್ಬರೇ ಗಮನವಿಟ್ಟು ಕೇಳಿ ಕೈ ಎತ್ತಿದರು. "ಎಕ್ಸ್‌ಕ್ಯೂಸ್ ಮಿ, ಲೇಡೀಸ್ ಬೋಟ್ ಅಲಗ್ ಹೈ ಕ್ಯಾ?" ಬಿಳಿ ಸಮವಸ್ತ್ರದ ಆಫೀಸರ್ ತಬ್ಬಿಬ್ಬಾಗಿ, ನೋ ಸರ್, ಒಂದೇ ಬೋಟ್, ಇಬ್ಬರೂ ಒಟ್ಟಿಗೇ ಎಂದ. ನಮ್ಮವರಿಗೆ ಆ ವ್ಯವಸ್ಥೆಯ ಮೇಲೆ ವಿಶ್ವಾಸ ಹುಟ್ಟಲಿಲ್ಲ. ನನಗನಿಸಿತು, ಹಡಗು ಮುಳುಗಿದರೆ ಮಾತ್ರ ನಾವಿಬ್ಬರೂ ಒಂದೇ ಡಬ್ಬಿಯಲ್ಲಿ ಕೂರುವ ಯೋಗ.

ಡೆಕ್ಕಿನ ಮೇಲೆ ಹೋದರೆ ಅವರು ಇದ್ದಕ್ಕಿದ್ದಂತೆ ಓಡಿದರು. ಏನಾಯಿತೋ ಎಂದು ನಾನೂ ಹಿಂದೆ ಓಡಿದೆ. ಏನಿಲ್ಲ, ಸಮುದ್ರದ ಕಡೆ ಮುಖವಿದ್ದ ಎರಡು ಕುರ್ಚಿ ಕಂಡಿದ್ದವು, ಕರ್ಚೀಫ್ ಎಸೆದು ಹಿಡಿದರು. ಸುತ್ತ ಇನ್ನೂ ಎಷ್ಟೋ ಕುರ್ಚಿ ಖಾಲಿ ಬಿದ್ದಿದ್ದವು. ನನ್ನನ್ನು ಕೂರಿಸಿ, ತಾವು ಹೋಗಿ ಕಟಾಂಜನಕ್ಕೆ ಆತು ನಿಂತರು.

"ಬರ್ರಿ, ಕೂಡ್ರಿ. ಎರಡ ಸೀಟ್ ಹಿಡದೀರಲ್ಲ."

"ಇರ್ಲಿ. ಇಲ್ಲೆ ಗಾಳಿ ಛಲೋ ಬರ್ತದ."

ಒಂದು ಕೈ ಮೇಲಿನ ಕಂಬಿಗೆ, ಒಂದು ಕಾಲು ಮುಂದೆ, ಮುಖ ಗಾಳಿಗೆ. ಅರಬ್ಬೀ ಸಮುದ್ರದ ಮೇಲೆ ಅವರು ಲೋಕಲ್ಲಿನ ಡೋರಿನಲ್ಲಿ ನಿಂತಿದ್ದರು. ನನ್ನ ಪಕ್ಕದ ಕುರ್ಚಿಯಲ್ಲಿ ಕರ್ಚೀಫ್ ಕೂತಿತ್ತು.

ಸಂಜೆ ನಾನು ಪಿಸ್ತಾ ಬಣ್ಣದ ಸೀರೆ ತೆಗೆದೆ. ಅವರು ನನ್ನ ತಯಾರಿ ನೋಡಿ, "ನೀ ಉಟ್ಕೊಳೂದ್ರಾಗ ನಾ ಒಂದು ರೌಂಡ್ ಹೊಡದು ಬರ್ತೀನಿ, ಸೀದಾ ಊಟದ ಹಾಲ್‌ಗೆ ಬಾ" ಎಂದು ಪಾಸಿನ ಕವರ್ ಜೇಬಿಗಿಟ್ಟುಕೊಂಡು ಹೊರಟರು. ಹೊಸ ಜಾಗದಲ್ಲಿ ಒಂದು ರೌಂಡ್ ಹೊಡೆಯದಿದ್ದರೆ ಅವರಿಗೆ ಊಟ ಸೇರುವುದಿಲ್ಲ.

ಹೇಳಿದ ಹೊತ್ತಿಗೆ ನಾನು ರೆಸ್ಟೋರೆಂಟಿನ ಬಾಗಿಲಲ್ಲಿದ್ದೆ. ಗಾಜಿನಾಚೆ ನನ್ನ ಟೇಬಲ್ ಕಾಣುತ್ತಿತ್ತು. ಬಿಳಿ ಬಟ್ಟೆ, ಬಿಳಿ ನ್ಯಾಪ್ಕಿನ್, ಫೋರ್ಕುಗಳು ಸಿಸ್ಟರ್ ಬರ್ನಡೆಟ್ ಇಟ್ಟಷ್ಟೇ ನೇರವಾಗಿ. ಎರಡು ಕುರ್ಚಿ, ಎದುರುಬದುರು. ನಮ್ಮವರಿಲ್ಲ. ಫೋನ್ ಹಚ್ಚಿದರೆ ನೆಟ್‌ವರ್ಕ್ ಇಲ್ಲ. ದಡ ಬಿಟ್ಟ ಮೇಲೆ ಮೊಬೈಲ್ ಬರೀ ಕನ್ನಡಿ. ಬಾಗಿಲಲ್ಲಿದ್ದ ಹುಡುಗಿ ನಯವಾಗಿ ಹೇಳಿದಳು, "ಮ್ಯಾಮ್, ಥೋಡೀ ದೇರ್ ಹೋಲ್ಡ್ ಕರೂಂಗಿ, ಉಸ್ಕೆ ಬಾದ್ ವೇಟಿಂಗ್‌ವಾಲೋಂ ಕೋ ದೇನಾ ಪಡೇಗಾ." ನನ್ನ ಹಿಂದೆ ಕೈ ಕೈ ಹಿಡಿದುಕೊಂಡ ಹೊಸ ಜೋಡಿಯೊಂದು ನನ್ನ ಟೇಬಲ್ಲನ್ನು ಆಸೆಯಿಂದ ನೋಡುತ್ತಿತ್ತು.

ರೂಮಿಗೆ ಹೋಗಿ ಬಂದೆ, ಇಲ್ಲ. ಹಡಗಿನ ಕಾರಿಡಾರುಗಳೆಲ್ಲ ಅವಳಿಜವಳಿ, ಮುಂದಕ್ಕೆ ಹೋದವರು ಹಿಂದಕ್ಕೆ ತಲುಪುತ್ತಾರೆ. ಮೈಕಿನಲ್ಲಿ ಅನೌನ್ಸ್ ಮಾಡಿಸಲೇ? 'ಮುಲುಂಡಿನ ಹಿರಿಯರೊಬ್ಬರು ಕಳೆದಿದ್ದಾರೆ' ಎಂದು ಕೂಗಿಸಿಕೊಳ್ಳಲು ಮನಸ್ಸಾಗಲಿಲ್ಲ. ಆಗ ರೂಲ್ ನೆನಪಾಯಿತು. ಯಾರು ತಪ್ಪಿಸಿಕೊಂಡರೂ ದಾದರಿನಲ್ಲಿ ಇಳಿಯಬೇಕು. ಸರಿ. ಆದರೆ ಹಡಗಿನಲ್ಲಿ ದಾದರ್ ಎಲ್ಲಿ?

ಯೋಚಿಸಿದೆ. ಮೇಲಿನ ಡೆಕ್ಕಿನ ಸ್ಪಾ ಅಂದರೆ ಕಫ್ ಪರೇಡ್, ನಮ್ಮಂಥವರು ಹೊರಗಿನಿಂದ ನೋಡಿ ಬರಬೇಕು. ಈಜುಕೊಳ ರವಿವಾರದ ಜುಹೂ. ಬಫೆ ಪಕ್ಕಾ ಕುರ್ಲಾ, ತಟ್ಟೆ ಹಿಡಿದು ನಿಂತರೆ ಸಾಕು, ಜನರೇ ಮುಂದೆ ಸಾಗಿಸುತ್ತಾರೆ. ಹಾಗಾದರೆ ಈ ಕಡೆಯ ಜನವೂ ಆ ಕಡೆಯ ಜನವೂ ಒಬ್ಬರನ್ನೊಬ್ಬರು ತಳ್ಳಿಕೊಂಡು ದಾಟುವ ಜಾಗ ಯಾವುದು? ಹಡಗಿನ ನಟ್ಟನಡುವೆ ದೊಡ್ಡ ಮೆಟ್ಟಿಲುಸಾಲು. ನಾಟಕದ ಹಾಲಿನಿಂದ ಬಫೆಗೆ ಹೋಗುವವರು, ಬಫೆಯಿಂದ ನಾಟಕದ ಹಾಲಿಗೆ ಹೋಗುವವರು ಅಲ್ಲೇ ಡಿಕ್ಕಿ ಹೊಡೆಯುತ್ತಾರೆ. ಅಲ್ಲೊಂದು ದೊಡ್ಡ ಸ್ಕ್ರೀನಿನ ಮೇಲೆ ಯಾವ ಪ್ರೋಗ್ರಾಂ ಎಲ್ಲಿ ಎಂದು ಅಕ್ಷರಗಳು ಓಡುತ್ತಿರುತ್ತವೆ. ಇಂಡಿಕೇಟರ್!

ಮೆಟ್ಟಿಲಿಳಿಯುತ್ತಲೇ ಕಂಡರು. ಸ್ಕ್ರೀನಿನ ಬುಡಕ್ಕೆ, ಅಲ್ಲಾಡದೆ ನಿಂತಿದ್ದರು. ಆದರೆ ಎದುರಿನ ಮೆಟ್ಟಿಲ ಕಡೆ ನೋಡುತ್ತಿದ್ದರು, ನಾನು ಬರುತ್ತಿದ್ದುದು ಈ ಕಡೆಯಿಂದ. ನಾನು ಅಲ್ಲೇ ನಿಂತುಬಿಟ್ಟೆ. ಇಷ್ಟು ಕಾಲ ದಾದರಿನಲ್ಲಿ ಸಿಗುವಾಗ ಪ್ರತಿಸಲ ಅವರೇ ನನ್ನನ್ನು ಮೊದಲು ನೋಡುತ್ತಿದ್ದರು. ನೋಡಿದವರೇ ಬೆನ್ನು ತಿರುಗಿಸಿ, 'ಬಾ ಬಾ, ಲಗೂ' ಎಂದು ಹೊರಟೇಬಿಡುತ್ತಿದ್ದರು. ನನಗೆ ಗೊತ್ತಿದ್ದುದು ಅವರ ಬೆನ್ನು. ನನ್ನನ್ನು ಹುಡುಕುವಾಗ ಅವರ ಮುಖ ಹೇಗಿರುತ್ತದೆಂದು ನಾನು ನೋಡಿಯೇ ಇರಲಿಲ್ಲ. ಕತ್ತು ಉದ್ದ ಮಾಡಿ, ಬರುವ ಒಂದೊಂದು ಸೀರೆಯನ್ನೂ ನೋಡಿ, ಅದು ನಾನಲ್ಲವೆಂದು ತಿಳಿದಾಗ ಪ್ರತಿಸಲ ತುಟಿ ಒಂಚೂರು ಒಳಗೆ ಎಳೆದುಕೊಳ್ಳುತ್ತಿದ್ದರು. ಶಾಲೆ ಬಿಟ್ಟ ಮೇಲೆ ಗೇಟಿನಲ್ಲಿ ನಿಂತ ಮಗುವಿನ ಹಾಗೆ.

ಭುಜ ಮುಟ್ಟಿದೆ.

"ಎಲ್ಲಿ ಹಾಳಾಗಿ ಹೋಗಿದ್ದಿ? ಆವಾಗಿಂದ ನಿಂತೀನಿ ಇಲ್ಲೆ!" ಮುಖ ಕೂಡಲೇ ಎಂದಿನದಾಯಿತು.

"ಸೀದಾ ಊಟದ ಹಾಲ್‌ಗೆ ಬಾ ಅಂದವ್ರು ನೀವ!"

"ಆ ಹಾಲ್ ಸಿಗ್ಲಿಲ್ಲ. ಸಿಗ್ಲಿಲ್ಲಂದ್ರ ಎಲ್ಲೆ ನಿಂದ್ರಬೇಕು? ರೂಲ್ ಮರತಿಯೇನು?" ಎಂದವರೇ ಬೆನ್ನು ತಿರುಗಿಸಿ ಹೊರಟರು, ದಾರಿ ಗೊತ್ತಿಲ್ಲದಿದ್ದರೂ.

ಹೋಗುವಷ್ಟರಲ್ಲಿ ಕಿಟಕಿಯ ಟೇಬಲ್ ಹೊಸ ಜೋಡಿಯದಾಗಿತ್ತು. ಎದುರುಬದುರು ಕೂತು ಅವನು ಅವನ ಫೋನ್, ಅವಳು ಅವಳ ಫೋನ್ ನೋಡುತ್ತಿದ್ದರು, ನೆಟ್‌ವರ್ಕ್ ಇಲ್ಲದಿದ್ದರೂ. ಬಫೆಗೆ ಹೋಗೋಣ ಎಂದು ಬಾಯಿಯವರೆಗೆ ಬಂದಿತ್ತು. ಅಷ್ಟರಲ್ಲಿ ಒಳಗಿನ ಉದ್ದನೆಯ ಟೇಬಲ್ಲಿನಿಂದ ಯಾರೋ ಕೈಬೀಸಿದರು. ಸರಳಾಬೆನ್! ಬಳಗದ ಯಾರೋ ಇಬ್ಬರಿಗೆ ಹಡಗು ತೂಗಿ ಹೊಟ್ಟೆ ತೊಳಸಿ, ರೂಮಿನಲ್ಲಿ ಥೇಪ್ಲಾ ತಿಂದು ಮಲಗಿದ್ದರಂತೆ, ಎರಡು ಕುರ್ಚಿ ಖಾಲಿ. ನಾನು ನಮ್ಮವರ ಪಕ್ಕ ಕೂರಲು ಹೊರಟರೆ ಸರಳಾಬೆನ್ ಬಿಡಲಿಲ್ಲ.

"ನಾ ನಾ! ಲೇಡೀಸ್ ಸಬ್ ಇಸ್ ಸೈಡ್, ಜೆಂಟ್ಸ್ ಸಬ್ ಉಸ್ ಸೈಡ್! ನಹೀಂ ತೋ ಬಾತೋಂ ಕಾ ಮಜಾ ನಹೀಂ ಆತಾ!"

ಜೀವಮಾನವಿಡೀ ನಮ್ಮನ್ನು ಬೇರೆ ಮಾಡಿದ ಕೂಗು ಹಡಗಿನ ಊಟದ ಮೇಜಿನವರೆಗೂ ಬೆನ್ನಟ್ಟಿ ಬಂದಿತ್ತು. ನಾನು ಇಸ್ ಸೈಡ್ ಕೂತೆ, ಅವರು ಉಸ್ ಸೈಡ್ ಕೂತರು. ಕೂತು ತಲೆ ಎತ್ತಿದರೆ, ಎದುರಿಗೆ ನಮ್ಮವರು. ಸರಿಯಾಗಿ ಎದುರಿಗೆ. ಮೇಜಿನ ಅಗಲವಷ್ಟೇ ನಡುವೆ.

ಟೊಮ್ಯಾಟೊ ಸೂಪ್ ಬಂತು. ನಾನು ಬೆನ್ನು ನೇರ ಮಾಡಿ, ಚಮಚ ಆಚೆಗೆ ದೂಡಿ, ಸದ್ದಿಲ್ಲದೆ ಕುಡಿದೆ. ಸೂಪು ನಿಜವಾಗಿಯೂ ಇತ್ತು. ಉಪ್ಪು ಸ್ವಲ್ಪ ಜಾಸ್ತಿ. ನೋಡಿದರೆ ನಮ್ಮವರು ಕುಡಿಯುವುದನ್ನು ಬಿಟ್ಟು ನನ್ನನ್ನೇ ನೋಡುತ್ತಿದ್ದರು.

"ನೀ ಹಿಂಗ ಕುಡೀತೀ ಏನು ಸೂಪ್?"

"ಹೌದು. ಯಾಕ?"

"ಏನಿಲ್ಲ. ಛಲೋ ಕಾಣಸ್ತದ."

ಹೇಳಿ, ತಮ್ಮ ಚಮಚವನ್ನೂ ಆಚೆಗೆ ದೂಡಿದರು. ಅದು ಬಟ್ಟಲಿನ ಅಂಚಿಗೆ ಬಡಿದು, ಸೂಪು ಹಾರಿ ಶರ್ಟಿನ ಜೇಬಿಗೆ ಬಿತ್ತು. ಉಸ್ ಸೈಡ್ ಎಲ್ಲ ನಕ್ಕಿತು. ಅವರು ಮಾತ್ರ ಗಾಬರಿಯಿಂದ ಜೇಬಿನ ಕವರ್ ತೆಗೆದು ಒಳಗಿನ ಕಾರ್ಡ್ ನೋಡಿ, "ಪಾಸ್ ಉಳೀತು" ಎಂದು ಉಸಿರುಬಿಟ್ಟರು. ಎಡಗಡೆಯ ಹಲ್ಲಿನಲ್ಲಿ ಅಗಿಯುತ್ತಾರೆ, ಅಂದಹಾಗೆ.

ಗೋವಾದ ಬಗ್ಗೆ ಬರೆಯುವುದಿಲ್ಲ. ಅಲ್ಲಿಗೆ ಬಸ್ಸಿನಲ್ಲೂ ಹೋಗಬಹುದು.

ಮರಳಿ ಬಂದ ದಿನ ವಿ.ಟಿ.ಯಲ್ಲಿ ಗಾಡಿ ನಿಂತಿತ್ತು. ನನ್ನ ಕಾಲುಗಳು ಯಥಾಪ್ರಕಾರ ಲೇಡೀಸ್ ಡಬ್ಬಿಗೆ ಹತ್ತಿದವು. ಕಿಟಕಿಯ ಬಳಿ ಕೂತೆ. ಗಾಡಿ ಹೊರಡುವ ಹೊತ್ತಾದರೂ ನಮ್ಮವರು ತಮ್ಮ ಡಬ್ಬಿಗೆ ಹೋಗದೆ ನನ್ನ ಕಿಟಕಿಯ ಹೊರಗೆ ನಿಂತಿದ್ದರು.

"ಸುಮಾ, ದಾದರ್‌ನ್ಯಾಗ ಇಳಿ."

"ದಾದರ್ ಯಾಕ್ರೀ? ಮನಿ ಮುಲುಂಡ್‌ನ್ಯಾಗ ಅದ."

"ಸ್ಟೇಷನ್ ಎದುರಿಗೆ ಉಡುಪಿ ಹೋಟೆಲ್ ಅದಲ್ಲ, ಅಲ್ಲೆ ಸೂಪ್ ಸಿಗ್ತದಂತ" ಎಂದು ಆಚೀಚೆ ನೋಡಿ, "ಎದುರಾಬದುರಾ ಬೆಂಚ್ ಇರ್ತಾವ" ಎಂದು ಹೇಳಿ ಓಡಿಹೋಗಿ ಜೆಂಟ್ಸ್ ಹತ್ತಿದರು.

ದಾದರಿನಲ್ಲಿ ಇಳಿದೆ. ಬ್ಯಾಗ್ ಎಳೆದುಕೊಂಡು ಜನರ ಹಿಂದೆ ನಡೆದೆ. ನಡುವಿನ ಸೇತುವೆಯ ಕೆಳಗೆ, ಇಂಡಿಕೇಟರಿನ ಬುಡಕ್ಕೆ ಅವರು ಆಗಲೇ ಬಂದು ನಿಂತಿದ್ದರು. ಕತ್ತು ಉದ್ದ ಮಾಡಿ, ಒಂದೊಂದು ಸೀರೆಯನ್ನೂ ನೋಡುತ್ತ, ತುಟಿ ಒಳಗೆಳೆದುಕೊಳ್ಳುತ್ತ. ನಾನು ಅಲ್ಲೇ ಕಂಬದ ಮರೆಗೆ ನಿಂತೆ. ಇನ್ನೊಂದು ಗಾಡಿಯ ಜನ ದಾಟಿ ಹೋಗಲಿ, ಆಮೇಲೆ ಹೋದರಾಯಿತು. ಅವರ ಪ್ಯಾಂಟುಗಳೆಲ್ಲ ಇದ್ದ ಬ್ಯಾಗ್ ಈ ಸಲವೂ ನನ್ನ ಕೈಯಲ್ಲೇ ಇತ್ತು, ಎಲ್ಲಿಗೆ ಹೋದಾರು?